ಮಾನಸಗಂಗೋತ್ರಿಗೂ ಮೊದಲು ಮೈಸೂರು ವಿಶ್ವವಿದ್ಯಾನಿಲಯ ಎಲ್ಲಿತ್ತು?

ಪ್ರಶ್ನೆ: ಮಗಳ ಸ್ನಾತಕೋತ್ತರ ಪ್ರವೇಶದ ಕೆಲಸಕ್ಕಾಗಿ ಮೊದಲ ಬಾರಿ ಮಾನಸಗಂಗೋತ್ರಿಗೆ ಹೋಗಿದ್ದೆ. ವಿಶ್ವವಿದ್ಯಾನಿಲಯ 1916ರಲ್ಲಿ ಸ್ಥಾಪನೆಯಾಯಿತೆಂದು ಎಲ್ಲೆಡೆ ಬರೆದಿದೆ. ಆದರೆ ಆವರಣದಲ್ಲಿ ನಾನು ಕಂಡ ವಿಭಾಗಗಳ ಕಟ್ಟಡಗಳು ಬಹುಮಟ್ಟಿಗೆ 1960ರ ಈಚಿನವು. ಕಚೇರಿಯ ಕೆಲಸಕ್ಕೆಂದು ಕೆರೆಯ ಆಚೆಗಿರುವ ಕ್ರಾಫರ್ಡ್ ಹಾಲ್‌ಗೆ ಕಳುಹಿಸಿದರು. ಹಾಗಾದರೆ ಮೊದಲ ನಲವತ್ತು ವರ್ಷ ಈ ವಿಶ್ವವಿದ್ಯಾನಿಲಯ ಎಲ್ಲಿತ್ತು? ಪಾಠ ಒಂದು ಕಡೆ, ಆಡಳಿತ ಇನ್ನೊಂದು ಕಡೆ ಏಕೆ? ಹಳೆಯದನ್ನು ನೋಡಬೇಕೆಂದರೆ ಎಲ್ಲಿ ನೋಡಬೇಕು?

ಉತ್ತರ: ನಿಮ್ಮ ಕಣ್ಣಿಗೆ ಬಿದ್ದದ್ದು ಸರಿಯಾಗಿಯೇ ಇದೆ. ವಿಶ್ವವಿದ್ಯಾನಿಲಯ 1916ರದು, ಮಾನಸಗಂಗೋತ್ರಿ 1960ರದು, ಎರಡೂ ನಿಜ. ಇವೆರಡರ ನಡುವೆ ವಿರೋಧ ಕಾಣುವುದಕ್ಕೆ ಕಾರಣ, ವಿಶ್ವವಿದ್ಯಾನಿಲಯವೆಂದರೆ ಸುತ್ತ ಬೇಲಿಯುಳ್ಳ ಒಂದು ದೊಡ್ಡ ಆವರಣ ಎಂದು ನಾವು ಇಂದು ಸಹಜವಾಗಿ ಭಾವಿಸುವುದು. ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದಾಗ ಅದಕ್ಕೆ ಅಂಥ ಆವರಣ ಇರಲಿಲ್ಲ. ಆಗಲೇ ನಡೆಯುತ್ತಿದ್ದ ಎರಡು ಕಾಲೇಜುಗಳು, ಅವೂ ಎರಡು ಬೇರೆ ಊರುಗಳಲ್ಲಿದ್ದವು, ಒಂದು ಕಾನೂನಿನ ಮೂಲಕ ವಿಶ್ವವಿದ್ಯಾನಿಲಯವಾಗಿ ಮಾರ್ಪಟ್ಟವು. ಮೊದಲ ನಲವತ್ತು ವರ್ಷ ಅದು ಎಲ್ಲಿತ್ತು ಎಂಬುದಕ್ಕೆ ನೇರವಾದ ಉತ್ತರ ಇಷ್ಟೇ: ಕಲೆಗೆ ಸಂಬಂಧಿಸಿದ ವಿದ್ಯೆ ಮೈಸೂರಿನ ಮಹಾರಾಜ ಕಾಲೇಜಿನಲ್ಲಿತ್ತು, ವಿಜ್ಞಾನ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿತ್ತು.

ಈ ಎರಡೂ ಕಾಲೇಜುಗಳು ವಿಶ್ವವಿದ್ಯಾನಿಲಯಕ್ಕಿಂತ ಬಹಳ ಹಳೆಯವು. ಮಹಾರಾಜ ಕಾಲೇಜಿನ ಬೇರು ಮುಮ್ಮಡಿ ಕೃಷ್ಣರಾಜ ಒಡೆಯರು 1833ರಲ್ಲಿ ತೆರೆದ ಉಚಿತ ಇಂಗ್ಲಿಷ್ ಶಾಲೆಯಲ್ಲಿದೆ. ಸೆಂಟ್ರಲ್ ಕಾಲೇಜು 1858ರಲ್ಲಿ ಬೆಂಗಳೂರು ಹೈಸ್ಕೂಲ್ ಎಂಬ ಹೆಸರಿನಲ್ಲಿ ಆರಂಭವಾಯಿತು. ಎರಡೂ ಮದರಾಸು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದವು. ಪಠ್ಯಕ್ರಮ ಮದರಾಸಿನಲ್ಲಿ ನಿರ್ಧಾರವಾಗುತ್ತಿತ್ತು, ಪರೀಕ್ಷೆ ಮದರಾಸಿನದು, ಪದವಿಯೂ ಮದರಾಸಿನದು. ಸಂಸ್ಥಾನ ತನ್ನ ಹಣದಿಂದ ಕಾಲೇಜು ನಡೆಸಿ, ತನ್ನ ಮಕ್ಕಳು ಏನು ಓದಬೇಕೆಂಬುದನ್ನು ಇನ್ನೊಬ್ಬರ ತೀರ್ಮಾನಕ್ಕೆ ಬಿಡಬೇಕಾಗಿದ್ದ ಈ ಸ್ಥಿತಿ, 1912ರಲ್ಲಿ ದಿವಾನರಾದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರಿಗೆ ಒಪ್ಪಿಗೆಯಾಗುವಂಥದಲ್ಲ. ಆಸ್ಟ್ರೇಲಿಯಾ, ಕೆನಡಾಗಳಲ್ಲಿ ಹತ್ತು ಲಕ್ಷಕ್ಕಿಂತ ಕಡಿಮೆ ಜನರಿರುವ ಪ್ರಾಂತಗಳಿಗೂ ಸ್ವಂತ ವಿಶ್ವವಿದ್ಯಾನಿಲಯ ಇರಬಹುದಾದರೆ, ಅರವತ್ತು ಲಕ್ಷದ ಹತ್ತಿರ ಜನಸಂಖ್ಯೆಯುಳ್ಳ ಮೈಸೂರಿಗೆ ಏಕೆ ಬೇಡ ಎಂಬುದು ಅವರ ವಾದದ ತಿರುಳು. ಇದು ಅಭಿಮಾನದ ಮಾತಷ್ಟೇ ಆಗಿರಲಿಲ್ಲ. ಕೈಗಾರಿಕೆ, ನೀರಾವರಿ, ಬ್ಯಾಂಕು ಎಂದು ಅವರು ಹಾಕಿಕೊಂಡಿದ್ದ ಯೋಜನೆಗಳಿಗೆಲ್ಲ ಓದಿದ ಜನ ಬೇಕಾಗಿದ್ದರು, ಅವರನ್ನು ತಯಾರು ಮಾಡುವ ವ್ಯವಸ್ಥೆ ಸಂಸ್ಥಾನದ ಕೈಯಲ್ಲೇ ಇರಬೇಕಾಗಿತ್ತು.

ಮಹಾರಾಜ ಕಾಲೇಜಿನ ಅಧ್ಯಾಪಕರಾಗಿದ್ದ ಸಿ.ಆರ್. ರೆಡ್ಡಿ ಮತ್ತು ಥಾಮಸ್ ಡೆನ್‌ಹ್ಯಾಮ್ ಬೇರೆ ದೇಶಗಳ ಉನ್ನತ ಶಿಕ್ಷಣದ ರೀತಿಯನ್ನು ಪರಿಶೀಲಿಸಿ ಕೊಟ್ಟ ವರದಿಗಳು ಯೋಜನೆಗೆ ಆಧಾರವಾದವು. ನಾಲ್ವಡಿ ಕೃಷ್ಣರಾಜ ಒಡೆಯರ ಒಪ್ಪಿಗೆಯೊಂದಿಗೆ ಕಾಯಿದೆ ಜಾರಿಗೆ ಬಂದದ್ದು 1916ರ ಜುಲೈ 27ರಂದು. ಭಾರತದಲ್ಲಿ ದೇಶೀಯ ಸಂಸ್ಥಾನವೊಂದು ತಾನಾಗಿ ಸ್ಥಾಪಿಸಿದ ಮೊದಲ ವಿಶ್ವವಿದ್ಯಾನಿಲಯ ಇದು. ಹೈದರಾಬಾದಿನ ಉಸ್ಮಾನಿಯಾ ಬಂದದ್ದು ಎರಡು ವರ್ಷದ ನಂತರ. ಮಹಾರಾಜರು ಕುಲಾಧಿಪತಿಗಳಾದರು, ಯುವರಾಜ ಕಂಠೀರವ ನರಸಿಂಹರಾಜ ಒಡೆಯರು ಸಹ ಕುಲಾಧಿಪತಿಗಳಾದರು. ಮೊದಲ ಕುಲಪತಿಗಳು ಎಚ್.ವಿ. ನಂಜುಂಡಯ್ಯನವರು. ಇಲ್ಲೊಂದು ಮಾತು ಹೇಳಿಬಿಡುತ್ತೇನೆ, ಹಳೆಯ ಪುಸ್ತಕಗಳನ್ನು ಓದುವವರಿಗೆ ಇದು ಉಪಯೋಗಕ್ಕೆ ಬರುತ್ತದೆ: ಇಂದು ನಾವು ಕುಲಪತಿ ಎನ್ನುವ ಸ್ಥಾನವನ್ನೇ ಹಿಂದೆ ಉಪಕುಲಪತಿ ಎನ್ನುತ್ತಿದ್ದರು. ಕುವೆಂಪು ಅವರನ್ನು ಒಂದು ಪುಸ್ತಕ ಉಪಕುಲಪತಿ ಎಂದೂ ಇನ್ನೊಂದು ಕುಲಪತಿ ಎಂದೂ ಕರೆದರೆ ಅದು ಎರಡು ಹುದ್ದೆಗಳ ಮಾತಲ್ಲ.

ನಂಜುಂಡಯ್ಯನವರ ಬಗ್ಗೆ ನಮ್ಮಲ್ಲಿ ಆಗಿರುವುದಕ್ಕಿಂತ ಹೆಚ್ಚು ಚರ್ಚೆ ಆಗಬೇಕೆಂದು ನನ್ನ ಭಾವನೆ. 1915ರಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತಿನ ಮೊದಲ ಅಧ್ಯಕ್ಷರೂ ಅವರೇ, ಮರುವರ್ಷ ಹುಟ್ಟಿದ ವಿಶ್ವವಿದ್ಯಾನಿಲಯದ ಮೊದಲ ಕುಲಪತಿಗಳೂ ಅವರೇ. ಭಾಷೆಗೆ ಒಂದು ಸಂಸ್ಥೆ, ವಿದ್ಯೆಗೆ ಒಂದು ಸಂಸ್ಥೆ ಒಂದೇ ವರ್ಷದ ಅಂತರದಲ್ಲಿ ಒಬ್ಬರೇ ವ್ಯಕ್ತಿಯ ಹೊಣೆಗೆ ಬಂದದ್ದನ್ನು ಆಕಸ್ಮಿಕವೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. 1918ರಲ್ಲಿ ನಡೆದ ಮೊದಲ ಘಟಿಕೋತ್ಸವದಲ್ಲಿ ಕಲ್ಕತ್ತೆಯ ಅಶುತೋಷ್ ಮುಖರ್ಜಿಯವರು ಭಾಷಣ ಮಾಡಿದರು. ನಂಜುಂಡಯ್ಯನವರು 1920ರಲ್ಲಿ ತೀರಿಕೊಂಡ ಮೇಲೆ ಬಂದವರೂ ಕಲ್ಕತ್ತೆಯವರೇ, ದಾರ್ಶನಿಕ ಬ್ರಜೇಂದ್ರನಾಥ ಸೀಲ್. 1930ರವರೆಗೆ ಸುಮಾರು ಒಂದು ದಶಕ ಅವರು ಈ ಹೊಣೆಯಲ್ಲಿದ್ದರು.

ಈಗ ಕಟ್ಟಡಗಳ ವಿಷಯಕ್ಕೆ ಬರೋಣ. ಆ ಕಾಲದ ವಿಶ್ವವಿದ್ಯಾನಿಲಯವನ್ನು ನೀವು ಕಣ್ಣಾರೆ ನೋಡಬೇಕೆಂದರೆ ಮೊದಲು ಹೋಗಬೇಕಾದದ್ದು ಮಹಾರಾಜ ಕಾಲೇಜಿಗೆ. ಅದರ ಜೂನಿಯರ್ ಬಿ.ಎ. ಹಾಲ್ ಎಂಬ ಉಪನ್ಯಾಸ ಮಂದಿರದ ಹೆಸರು ಕನ್ನಡ ಲೇಖಕರ ಆತ್ಮಕಥೆಗಳಲ್ಲಿ, ನೆನಪುಗಳಲ್ಲಿ ಮತ್ತೆ ಮತ್ತೆ ಬರುತ್ತದೆ. 1918ರಿಂದ 1921ರವರೆಗೆ ಸರ್ವೇಪಲ್ಲಿ ರಾಧಾಕೃಷ್ಣನ್ ಇಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಅವರು ಕಲ್ಕತ್ತೆಗೆ ಹೊರಟಾಗ ವಿದ್ಯಾರ್ಥಿಗಳು ಸಾರೋಟಿನ ಕುದುರೆಗಳನ್ನು ಬಿಚ್ಚಿ, ತಾವೇ ಎಳೆದುಕೊಂಡು ರೈಲು ನಿಲ್ದಾಣದವರೆಗೆ ಕರೆದೊಯ್ದ ಪ್ರಸಂಗ ಮೈಸೂರಿನಲ್ಲಿ ಈಗಲೂ ಜನ ಹೇಳುವಂಥದು. ಸಂಸ್ಕೃತಕ್ಕೆ ಎಂ. ಹಿರಿಯಣ್ಣ, ಇಂಗ್ಲಿಷಿಗೆ ಬಿ.ಎಂ. ಶ್ರೀಕಂಠಯ್ಯ, ಕನ್ನಡಕ್ಕೆ ಟಿ.ಎಸ್. ವೆಂಕಣ್ಣಯ್ಯ ಇದ್ದ ಕಾಲೇಜು ಅದು. ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಒಂದು ಬಾನುಲಿ ಕೇಂದ್ರ ಆರಂಭಿಸಿದರು. ಅದಕ್ಕೆ ಇಟ್ಟ 'ಆಕಾಶವಾಣಿ' ಎಂಬ ಹೆಸರು ಮುಂದೆ ಇಡೀ ದೇಶದ ಬಾನುಲಿಗೆ ಬಂದಿತು. ಮನೆಯಲ್ಲಿ ಕುಳಿತು ಪ್ರಸಾರ ಮಾಡುವ ಮನಶ್ಶಾಸ್ತ್ರದ ಮೇಷ್ಟರೊಬ್ಬರನ್ನು ಸಹಿಸಿಕೊಳ್ಳುವ, ಅಷ್ಟೇ ಅಲ್ಲ, ಪ್ರೋತ್ಸಾಹಿಸುವ ವಾತಾವರಣ ಆ ಕಾಲೇಜಿನಲ್ಲಿತ್ತು ಎಂಬುದನ್ನು ಗಮನಿಸಬೇಕು.

ಬೆಂಗಳೂರಿನ ಭಾಗದ ಕಥೆಯೂ ಇಷ್ಟೇ ಸಮೃದ್ಧವಾಗಿದೆ, ಆದರೆ ಅದನ್ನು ಮೈಸೂರು ವಿಶ್ವವಿದ್ಯಾನಿಲಯದ ಚರಿತ್ರೆಯೆಂದು ಓದುವುದನ್ನು ನಾವು ಬಹುಮಟ್ಟಿಗೆ ಮರೆತಿದ್ದೇವೆ. 1928ರ ಮಾರ್ಚ್ 16ರಂದು ಸಿ.ವಿ. ರಾಮನ್ ತಮ್ಮ ಹೊಸ ಶೋಧವನ್ನು ವಿಜ್ಞಾನಿಗಳ ಸಭೆಯ ಮುಂದೆ ವಿವರಿಸಿದ್ದು ಸೆಂಟ್ರಲ್ ಕಾಲೇಜಿನಲ್ಲಿ. ಆಗ ಅದು ಮೈಸೂರು ವಿಶ್ವವಿದ್ಯಾನಿಲಯದ ವಿಜ್ಞಾನ ಕಾಲೇಜು. 'ಪ್ರಬುದ್ಧ ಕರ್ಣಾಟಕ' ಪತ್ರಿಕೆ ಹುಟ್ಟಿದ್ದು ಅದೇ ಕಾಲೇಜಿನ ಕರ್ಣಾಟಕ ಸಂಘದಲ್ಲಿ, ಎ.ಆರ್. ಕೃಷ್ಣಶಾಸ್ತ್ರಿಗಳ ಶ್ರಮದಿಂದ, ಮುಂದೆ ಅದನ್ನು ವಿಶ್ವವಿದ್ಯಾನಿಲಯವೇ ವಹಿಸಿಕೊಂಡಿತು. ವಿಜ್ಞಾನ ಕಲಿಸುವ ಕಾಲೇಜಿನಲ್ಲಿ ಕನ್ನಡದ ಬಹು ದೊಡ್ಡ ಪತ್ರಿಕೆಗಳಲ್ಲಿ ಒಂದು ಹುಟ್ಟಿತೆಂಬುದು ಇಂದಿನವರಿಗೆ ಆಶ್ಚರ್ಯವಾಗಬಹುದು. 1917ರಲ್ಲಿ ವಿಶ್ವೇಶ್ವರಯ್ಯನವರು ಬೆಂಗಳೂರಿನಲ್ಲಿ ತೆರೆಸಿದ ಎಂಜಿನಿಯರಿಂಗ್ ಕಾಲೇಜೂ ಈ ವಿಶ್ವವಿದ್ಯಾನಿಲಯದ ಅಡಿಯಲ್ಲೇ ಬೆಳೆಯಿತು. 1924ರಲ್ಲಿ ಬೆಂಗಳೂರಿನಲ್ಲೇ ಆರಂಭವಾದ ವೈದ್ಯಕೀಯ ಕಾಲೇಜು 1930ರಲ್ಲಿ ಮೈಸೂರಿಗೆ ಬಂದಿತು. ಹೀಗೆ ಒಂದೇ ವಿಶ್ವವಿದ್ಯಾನಿಲಯದ ಅಂಗಗಳು ಸುಮಾರು 140 ಕಿಲೋಮೀಟರ್ ದೂರದ ಎರಡು ನಗರಗಳಲ್ಲಿ ಹರಡಿಕೊಂಡು, ನಡುವೆ ರೈಲಿನಲ್ಲಿ ಕಡತಗಳೂ ಪರೀಕ್ಷಕರೂ ಓಡಾಡುತ್ತಿದ್ದ ವ್ಯವಸ್ಥೆ ದಶಕಗಳ ಕಾಲ ನಡೆಯಿತು.

ಮೈಸೂರಿನಲ್ಲಿ ನೋಡಲೇಬೇಕಾದ ಇನ್ನೊಂದು ಕಟ್ಟಡವಿದೆ, ಅದು ಕೃಷ್ಣರಾಜ ಬುಲೆವಾರ್ಡ್ ರಸ್ತೆಯಲ್ಲಿರುವ ಪ್ರಾಚ್ಯವಿದ್ಯಾ ಸಂಶೋಧನಾಲಯ. ವಿಕ್ಟೋರಿಯಾ ರಾಣಿಯ ಆಳ್ವಿಕೆಯ ಐವತ್ತನೆಯ ವರ್ಷದ ನೆನಪಿಗೆ 1887ರಲ್ಲಿ ಹತ್ತನೆಯ ಚಾಮರಾಜ ಒಡೆಯರು ಆರಂಭಿಸಿದ ಜ್ಯೂಬಿಲಿ ಕಟ್ಟಡ ಅದು. ಅಲ್ಲಿ ಓಲೆಗರಿಗಳನ್ನು ಕೂಡಿಡುವ ಓರಿಯೆಂಟಲ್ ಲೈಬ್ರರಿ ರೂಪುಗೊಂಡಿತು. 1905ರಲ್ಲಿ ಗ್ರಂಥಾಲಯಕ್ಕೆ ಬಂದ ಓಲೆಗರಿಯ ಕಟ್ಟೊಂದು ಕೌಟಿಲ್ಯನ ಅರ್ಥಶಾಸ್ತ್ರವೆಂದು ಗುರುತಿಸಿದವರು ಅಲ್ಲಿನ ವಿದ್ವಾಂಸ ಆರ್. ಶಾಮಶಾಸ್ತ್ರಿಗಳು. ಗ್ರಂಥಲಿಪಿಯಲ್ಲಿದ್ದ ಆ ಕೃತಿಯನ್ನು 1909ರಲ್ಲಿ ಅವರು ಪ್ರಕಟಿಸಿದರು, 1915ರಲ್ಲಿ ಅದರ ಇಂಗ್ಲಿಷ್ ಅನುವಾದ ಪುಸ್ತಕವಾಗಿ ಬಂದಿತು. ಅದುವರೆಗೆ ಬೇರೆ ಗ್ರಂಥಗಳ ಉಲ್ಲೇಖಗಳಿಂದ ಮಾತ್ರ ಗೊತ್ತಿದ್ದ, ಕಳೆದುಹೋಯಿತೆಂದೇ ವಿದ್ವಾಂಸರು ಭಾವಿಸಿದ್ದ ಕೃತಿಯದು. ಪ್ರಾಚೀನ ಭಾರತದ ರಾಜ್ಯಾಡಳಿತ, ತೆರಿಗೆ, ನ್ಯಾಯಪದ್ಧತಿಗಳ ಬಗ್ಗೆ ಅಲ್ಲಿಯವರೆಗೆ ಬರೆದ ಚರಿತ್ರೆಯನ್ನೆಲ್ಲ ಮತ್ತೆ ನೋಡಬೇಕಾಗಿ ಬಂದಿತು. 1916ರಲ್ಲಿ ಈ ಗ್ರಂಥಾಲಯ ಹೊಸ ವಿಶ್ವವಿದ್ಯಾನಿಲಯಕ್ಕೆ ಸೇರಿತು, 1943ರಲ್ಲಿ ಸಂಶೋಧನಾಲಯವೆಂಬ ಹೆಸರು ಪಡೆಯಿತು. ವಿಶ್ವವಿದ್ಯಾನಿಲಯ ಹುಟ್ಟಿದ ದಿನವೇ ಅದರ ಕೈಯಲ್ಲಿ ಜಗತ್ತಿನ ವಿದ್ವಾಂಸರು ಹುಡುಕಿಕೊಂಡು ಬರುವಂಥ ಒಂದು ಭಂಡಾರ ಇತ್ತು. ಮೈಸೂರಿಗೆ ಬಂದು ಅರಮನೆ, ಮೃಗಾಲಯ ನೋಡಿ ಹೋಗುವವರು ಈ ಕಟ್ಟಡದ ಮುಂದೆ ಒಂದು ನಿಮಿಷವೂ ನಿಲ್ಲದೆ ಸಾಗುವುದನ್ನು ಕಂಡಾಗಲೆಲ್ಲ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಕ್ರಾಫರ್ಡ್ ಹಾಲ್ ಎಲ್ಲಿಂದ ಬಂತು ಎಂಬುದಕ್ಕೆ ಈಗ ಉತ್ತರ ಸುಲಭ. ಸಂಸ್ಥೆ ಬೆಳೆದಂತೆ ಆಡಳಿತಕ್ಕೂ ಸೆನೆಟ್ ಸಭೆಗಳಿಗೂ ಘಟಿಕೋತ್ಸವಕ್ಕೂ ತಕ್ಕ ಕಟ್ಟಡವೊಂದು ಬೇಕಾಯಿತು. ಸಕಲೇಶಪುರದ ಕಾಫಿ ತೋಟಗಾರರಾಗಿದ್ದ ಕರ್ನಲ್ ಕ್ರಾಫರ್ಡ್ ಅವರು ದೇಣಿಗೆ ಕೊಟ್ಟರು, ಅವರ ಹೆಸರನ್ನೇ ಕಟ್ಟಡಕ್ಕೆ ಇಡಲಾಯಿತು. ಅದು ಮುಗಿದದ್ದು 1947ರಲ್ಲಿ. ಅದು ಎದ್ದ ಜಾಗವನ್ನು ನಕ್ಷೆಯಲ್ಲಿ ನೋಡಿದರೆ ಅದರ ತರ್ಕ ಹೊಳೆಯುತ್ತದೆ: ಮಹಾರಾಜ ಕಾಲೇಜು, 1928ರಲ್ಲಿ ಆರಂಭವಾದ ಯುವರಾಜ ಕಾಲೇಜು, ಪ್ರಾಚ್ಯವಿದ್ಯಾ ಸಂಶೋಧನಾಲಯ ಇವೆಲ್ಲ ಅದರಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿವೆ. ಅಂದರೆ 1947ರಲ್ಲಿ ಕ್ರಾಫರ್ಡ್ ಹಾಲ್ ವಿಶ್ವವಿದ್ಯಾನಿಲಯದ ಅಂಚಿನಲ್ಲಿ ಇರಲಿಲ್ಲ, ನಟ್ಟನಡುವೆ ಇತ್ತು. ಪಾಠ ಅಲ್ಲಿಂದ ಪಶ್ಚಿಮಕ್ಕೆ ಸರಿದದ್ದು ನಂತರ. ಆಡಳಿತ ಹಿಂದೆ ಉಳಿಯಿತು ಎನ್ನುವುದಕ್ಕಿಂತ ಸ್ನಾತಕೋತ್ತರ ವಿಭಾಗಗಳು ಮುಂದಕ್ಕೆ ಹೋದವು ಎನ್ನುವುದು ಸರಿ. ಕುಲಸಚಿವರ ಕಚೇರಿಗೆ ಮಾನಸಗಂಗೋತ್ರಿಯೊಂದೇ ಪ್ರಪಂಚವೂ ಅಲ್ಲ. ಹಲವು ಜಿಲ್ಲೆಗಳ ಸಂಯೋಜಿತ ಕಾಲೇಜುಗಳ ವ್ಯವಹಾರವೂ ಅದರ ಪಾಲಿಗೆ ಇದ್ದುದರಿಂದ, ನಗರದ ನಡುವೆ ಇರುವುದು ಆ ಕಚೇರಿಗೂ ಅಲ್ಲಿಗೆ ಬರುವವರಿಗೂ ಅನುಕೂಲವಾಗಿತ್ತು.

ವಿಭಾಗಗಳು ಹಾಗೆ ಸರಿಯಲು ಏನು ಕಾರಣ? ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗಬೇಕು, ಏಕೆಂದರೆ ಆವರಣದ ಚರಿತ್ರೆಯಲ್ಲಿ ನಿರ್ಣಾಯಕವಾದ ಘಟ್ಟ ಇದೇ.

1956 ಎರಡು ರೀತಿಯಲ್ಲಿ ಮುಖ್ಯವಾದ ವರ್ಷ. ನವೆಂಬರ್ 1ರಂದು ಕನ್ನಡ ನಾಡುಗಳು ಒಂದಾಗಿ ವಿಶಾಲ ಮೈಸೂರು ರಾಜ್ಯ ರೂಪುಗೊಂಡಿತು. ಅದೇ ವರ್ಷ ಕುವೆಂಪು ಅವರು ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾದರು. ಅವರಿಗೆ ಸಂಸ್ಥೆ ಹೊಸದಾಗಿರಲಿಲ್ಲ. ಮಹಾರಾಜ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಓದಿ ಪದವಿ ಪಡೆದು, 1927ರಲ್ಲಿ ಹೊಸದಾಗಿ ಆರಂಭವಾದ ಕನ್ನಡ ಎಂ.ಎ. ತರಗತಿಯ ಮೊದಲ ತಂಡದಲ್ಲಿ ಓದಿ, 1929ರಲ್ಲಿ ಅಲ್ಲೇ ಅಧ್ಯಾಪಕರಾಗಿ, ಕೊನೆಗೆ ಅದೇ ಕಾಲೇಜಿನ ಪ್ರಾಂಶುಪಾಲರೂ ಆದವರು ಅವರು. ಕನ್ನಡಕ್ಕೆ ಎಂ.ಎ. ತರಗತಿ ಬರಲು ವಿಶ್ವವಿದ್ಯಾನಿಲಯ ಹುಟ್ಟಿದ ಮೇಲೂ ಹನ್ನೊಂದು ವರ್ಷ ಕಾಯಬೇಕಾಯಿತು ಎಂಬುದನ್ನು ಸ್ವತಃ ಅನುಭವಿಸಿ ತಿಳಿದವರು. ಕುಲಾಧಿಪತಿಯ ಸ್ಥಾನದಲ್ಲಿದ್ದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು. ಅರಸರಾಗಿದ್ದಾಗ ವಂಶದ ಹಕ್ಕಿನಿಂದ ಹೊತ್ತಿದ್ದ ಸ್ಥಾನಕ್ಕೆ ಈಗ ರಾಜ್ಯಪಾಲರೆಂಬ ಕಾರಣದಿಂದ ಅವರು ಬಂದಿದ್ದರು. 1938ರಲ್ಲಿ ಅವರೂ ಮಹಾರಾಜ ಕಾಲೇಜಿನಿಂದಲೇ ಪದವಿ ಪಡೆದವರು.

ಅದುವರೆಗೆ ಪದವಿ ತರಗತಿಗೂ ಎಂ.ಎ. ತರಗತಿಗೂ ಒಂದೇ ಕಾಲೇಜು, ಒಂದೇ ಕಟ್ಟಡ, ಬಹುಮಟ್ಟಿಗೆ ಅದೇ ಮೇಷ್ಟರು. ಪದವಿ ವಿದ್ಯಾರ್ಥಿಗಳ ಸಂಖ್ಯೆ ಏರಿದಂತೆ ಈ ವ್ಯವಸ್ಥೆಯಲ್ಲಿ ಸೊರಗುವುದು ಸಂಶೋಧನೆ. ಕಾಲೇಜಿನ ನಿತ್ಯದ ಪಾಠದಿಂದ ಬೇರ್ಪಟ್ಟು, ಸ್ನಾತಕೋತ್ತರ ಅಧ್ಯಯನಕ್ಕೂ ಸಂಶೋಧನೆಗೂ ಮೀಸಲಾದ ಒಂದು ವಿಶಾಲ ನೆಲೆ ಬೇಕೆಂಬ ವಿಚಾರವನ್ನು ಕುವೆಂಪು ಕಾರ್ಯಕ್ಕೆ ತಂದರು. ಆಗ ನಗರದ ಹೊರಗೇ ಇದ್ದ, ಕುಕ್ಕರಹಳ್ಳಿ ಕೆರೆಯ ಪಶ್ಚಿಮದ ಎತ್ತರದ ನೆಲ ಇದಕ್ಕೆ ಒದಗಿತು. ಇಂದು ಆವರಣದ ವಿಸ್ತಾರ 739 ಎಕರೆ. 1960ರಲ್ಲಿ ಆರಂಭವಾದ ಈ ನೆಲೆಗೆ ಅವರು ಕೊಟ್ಟ ಹೆಸರು ಮಾನಸಗಂಗೋತ್ರಿ. ಗಂಗೋತ್ರಿ ಗಂಗೆ ಹುಟ್ಟುವ ತಾಣ. ಮಾನಸವೆಂದರೆ ಮನಸ್ಸಿಗೆ ಸಂಬಂಧಿಸಿದ್ದು, ಜೊತೆಗೆ ಮಾನಸ ಸರೋವರದ ನೆನಪನ್ನೂ ತರುವಂಥದು. ವಿದ್ಯೆ ಕೆಳಗೆ ಬಯಲಿನಲ್ಲಿ ಹರಿದು ಎಲ್ಲರ ಹೊಲಕ್ಕೂ ತಲುಪುವ ಮೊದಲು ಅದು ಹುಟ್ಟುವ ಎತ್ತರದ ಜಾಗವೊಂದು ಇರಬೇಕು ಎಂಬ ಅರ್ಥ ಆ ಹೆಸರಿನಲ್ಲಿ ನನಗೆ ಕಾಣುತ್ತದೆ. ಸ್ನಾತಕೋತ್ತರ ಕೇಂದ್ರ ಎಂಬ ಕಚೇರಿಯ ಮಾತು ಹೇಳಬೇಕಾದದ್ದನ್ನೆಲ್ಲ ಆ ಹೆಸರು ಹೇಳಿಬಿಟ್ಟಿದೆ.

ಆ ಹೆಸರು ಎಷ್ಟು ಆಳವಾಗಿ ಬೇರುಬಿಟ್ಟಿತೆಂದರೆ ಕರ್ನಾಟಕದಲ್ಲಿ ವಿದ್ಯಾಕೇಂದ್ರಕ್ಕೆ 'ಗಂಗೋತ್ರಿ' ಎಂದು ಹೆಸರಿಡುವುದೇ ಒಂದು ಪದ್ಧತಿಯಾಯಿತು. ಕೊಣಾಜೆಯಲ್ಲಿ ಮೈಸೂರು ವಿಶ್ವವಿದ್ಯಾನಿಲಯ 1968ರಲ್ಲಿ ತೆರೆದ ಕೇಂದ್ರ ಮಂಗಳಗಂಗೋತ್ರಿಯಾಯಿತು, ಹಾಸನದ್ದು ಹೇಮಗಂಗೋತ್ರಿ, ಚಾಮರಾಜನಗರದ್ದು ಸುವರ್ಣಗಂಗೋತ್ರಿ, ದಾವಣಗೆರೆಯದು ಶಿವಗಂಗೋತ್ರಿ. ಮುಕ್ತ ವಿಶ್ವವಿದ್ಯಾನಿಲಯದ ಆವರಣ ಮುಕ್ತಗಂಗೋತ್ರಿ. ಮೈಸೂರಿನವರ ಬಾಯಲ್ಲಿ ಮಾತ್ರ 'ಗಂಗೋತ್ರಿ' ಎಂದಷ್ಟೇ ಹೇಳಿದರೆ ಅದು ಇದೊಂದೇ. ಮಗಳು ಅಲ್ಲಿ ಸೇರಿದ ಮೇಲೆ ನೀವೂ ಹಾಗೆಯೇ ಹೇಳತೊಡಗುತ್ತೀರಿ.

ನೀವು ಕಂಡ ಕಟ್ಟಡಗಳು ಬಹುಮಟ್ಟಿಗೆ 1960ರ ಈಚಿನವು ಎಂದಿರಿ. ಅದಕ್ಕೊಂದು ದೊಡ್ಡ ಅಪವಾದ ಆವರಣದೊಳಗೇ ಇದೆ. ನಾಲ್ವಡಿಯವರ ಹಿರಿಯ ಸೋದರಿ ಜಯಲಕ್ಷ್ಮಮ್ಮಣ್ಣಿಯವರಿಗಾಗಿ 1905ರಲ್ಲಿ ಕಟ್ಟಿದ ಜಯಲಕ್ಷ್ಮೀವಿಲಾಸ ಅರಮನೆ ಅದು. ಕುವೆಂಪು ಅವರ ಅವಧಿಯಲ್ಲೇ ವಿಶ್ವವಿದ್ಯಾನಿಲಯ ಇದನ್ನು ಪಡೆದುಕೊಂಡಿತು. ಅಂದರೆ ಹೊಸ ಆವರಣ ಬರಿಯ ಬಯಲಿನಲ್ಲಿ ಆರಂಭವಾಗಲಿಲ್ಲ. ಅಲ್ಲೊಂದು ಅರಮನೆ ಆಗಲೇ ನಿಂತಿತ್ತು. 1968ರಲ್ಲಿ ಅಲ್ಲಿ ಜಾನಪದ ವಸ್ತುಸಂಗ್ರಹಾಲಯ ನೆಲೆಗೊಂಡಿತು. ರಾಜಕುಮಾರಿಗೆಂದು ಕಟ್ಟಿದ ಮನೆಗೆ ಹಳ್ಳಿಯ ಬೀಸುವ ಕಲ್ಲು, ತೊಗಲುಗೊಂಬೆ, ಯಕ್ಷಗಾನದ ಕಿರೀಟ, ಸೋಮನ ಮುಖವಾಡಗಳು ಬಂದು ಸೇರಿದವು. 1969ರಲ್ಲಿ ಕುಲಪತಿಗಳಾದ ದೇ. ಜವರೇಗೌಡರೂ ಅವರ ಜೊತೆಗಾರರೂ ಕನ್ನಡ ಸಂಸ್ಕೃತಿಯ ಬಗ್ಗೆ ಇಟ್ಟುಕೊಂಡಿದ್ದ ದೃಷ್ಟಿ ಏನೆಂಬುದು ಅರ್ಥವಾಗಬೇಕಾದರೆ ಈ ಸಂಗ್ರಹವನ್ನು ನೋಡಬೇಕು. ಮರ, ಸುಣ್ಣ, ಗಾರೆಗಳ ಇಂಥ ಕಟ್ಟಡಕ್ಕೆ ಸತತವಾದ ಆರೈಕೆ ಬೇಕು. ಇನ್ಫೋಸಿಸ್ ಪ್ರತಿಷ್ಠಾನದ ನೆರವಿನಿಂದ ಒಮ್ಮೆ ಜೀರ್ಣೋದ್ಧಾರವಾಯಿತಾದರೂ ನಂತರ ಮತ್ತೆ ಶಿಥಿಲವಾಯಿತು. ಒಂದು ಸಲ ದುರಸ್ತಿ ಮಾಡಿ ಬಿಡುವ ಬದಲು, ಪ್ರತಿ ವರ್ಷ ಮಳೆಗಾಲಕ್ಕೆ ಮೊದಲು ಚಾವಣಿಯನ್ನೂ ನೀರು ಹರಿಯುವ ದಾರಿಯನ್ನೂ ನೋಡಿಕೊಳ್ಳುವ ಖಾಯಂ ವ್ಯವಸ್ಥೆ ಇಲ್ಲದಿದ್ದರೆ ಪಾರಂಪರಿಕ ಕಟ್ಟಡಗಳು ಉಳಿಯುವುದಿಲ್ಲ. ಇದನ್ನು ಬಲ್ಲವರು ಎಷ್ಟು ಸಲ ಹೇಳಿದರೂ ಕಡಿಮೆಯೇ.

ಈ ಅವಧಿಯಲ್ಲಿ ಆವರಣದ ಜೊತೆಗೆ ಕನ್ನಡದ ಕೆಲಸವೂ ಬೆಳೆಯಿತು. ಇದರ ಬೀಜ ಹಿಂದೆಯೇ ಬಿದ್ದಿತ್ತು: 1930ರ ದಶಕದಲ್ಲೇ ಅಧ್ಯಾಪಕರು ಊರೂರಿಗೆ ಹೋಗಿ ಜನಸಾಮಾನ್ಯರಿಗೆ ತಿಳಿಯುವಂತೆ ಕನ್ನಡದಲ್ಲಿ ಉಪನ್ಯಾಸ ಮಾಡುವ, ಅವನ್ನು ಸಣ್ಣ ಪುಸ್ತಕಗಳಾಗಿ ಕಡಿಮೆ ಬೆಲೆಗೆ ಕೊಡುವ ಪ್ರಚಾರೋಪನ್ಯಾಸದ ಯೋಜನೆ ಆರಂಭವಾಗಿತ್ತು, ಇಂದಿನ ಪ್ರಸಾರಾಂಗ ಅದರ ಮುಂದುವರಿಕೆ. 1946ರಲ್ಲಿ ಇಂಗ್ಲಿಷ್–ಕನ್ನಡ ನಿಘಂಟು ಬಂದಿತು. 1966ರಲ್ಲಿ ಕನ್ನಡ ಅಧ್ಯಯನ ಸಂಸ್ಥೆ ಮಾನಸಗಂಗೋತ್ರಿಯಲ್ಲಿ ಸ್ಥಾಪನೆಯಾಯಿತು. ಈಗ ಅದಕ್ಕೆ ಕುವೆಂಪು ಅವರ ಹೆಸರಿದೆ. 1969ರಲ್ಲಿ ಕನ್ನಡ ವಿಶ್ವಕೋಶದ ಮೊದಲ ಸಂಪುಟ ಹೊರಬಂತು, ಒಟ್ಟು ಹದಿನಾಲ್ಕು ಸಂಪುಟಗಳ ಆ ಕೆಲಸ ದಶಕಗಳ ಕಾಲ ನಡೆಯಿತು. 1970ರ ದಶಕದಿಂದ ಎಪಿಗ್ರಾಫಿಯ ಕರ್ನಾಟಿಕ ಎಂಬ ಶಾಸನ ಸಂಗ್ರಹದ ಪರಿಷ್ಕೃತ ಸಂಪುಟಗಳು ಬರತೊಡಗಿದವು. ನಾನು ಶಾಸನಗಳನ್ನು ಓದಲು ಕಲಿತದ್ದು ಆ ಸಂಪುಟಗಳನ್ನು ಮುಂದಿಟ್ಟುಕೊಂಡು. ಆ ಋಣದಿಂದಾಗಿ ಈ ಭಾಗವನ್ನು ಬರೆಯುವಾಗ ತಟಸ್ಥನಾಗಿರುವುದು ನನ್ನಿಂದ ಆಗದು. ಇವೆಲ್ಲ ಗುಂಪಾಗಿ ಕುಳಿತು, ವರ್ಷಗಟ್ಟಲೆ ಒಂದೇ ಕಡೆ ಇದ್ದುಕೊಂಡು ಮಾಡಬೇಕಾದ ಕೆಲಸಗಳು. ಕಾಲೇಜಿನ ತರಗತಿಗಳ ನಡುವಿನ ಬಿಡುವಿನಲ್ಲಿ ಅವು ಆಗುತ್ತಿರಲಿಲ್ಲ.

ಆವರಣ ಬೆಳೆಯುತ್ತಿದ್ದಂತೆಯೇ ವಿಶ್ವವಿದ್ಯಾನಿಲಯದ ವ್ಯಾಪ್ತಿ ಕುಗ್ಗುತ್ತ ಬಂದಿತು ಎಂಬುದನ್ನೂ ಸೇರಿಸಬೇಕು. 1964ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಸ್ಥಾಪನೆಯಾದಾಗ ಸೆಂಟ್ರಲ್ ಕಾಲೇಜೂ ಎಂಜಿನಿಯರಿಂಗ್ ಕಾಲೇಜೂ ಅದಕ್ಕೆ ಹೋದವು. ಮೈಸೂರು ವಿಶ್ವವಿದ್ಯಾನಿಲಯದ ಅರ್ಧ ದೇಹವೇ ಅದರಿಂದ ಬೇರ್ಪಟ್ಟಂತಾಯಿತು. ನಾಲ್ಕು ವರ್ಷ ಮೊದಲೇ ಮಾನಸಗಂಗೋತ್ರಿ ಆರಂಭವಾಗಿರದಿದ್ದರೆ ಮೈಸೂರಿನಲ್ಲಿ ಸ್ನಾತಕೋತ್ತರ ವಿಜ್ಞಾನಕ್ಕೆ ಸರಿಯಾದ ನೆಲೆಯೇ ಇರುತ್ತಿರಲಿಲ್ಲವೆಂದು ನಾನು ತಿಳಿದಿದ್ದೇನೆ. 1980ರಲ್ಲಿ ಮಂಗಳೂರು, 1987ರಲ್ಲಿ ಕುವೆಂಪು ವಿಶ್ವವಿದ್ಯಾಲಯಗಳು ಬಂದವು. 1990ರ ದಶಕದಲ್ಲಿ ವೈದ್ಯಕೀಯ, ಎಂಜಿನಿಯರಿಂಗ್ ಕಾಲೇಜುಗಳು ರಾಜ್ಯಮಟ್ಟದ ಪ್ರತ್ಯೇಕ ವಿಶ್ವವಿದ್ಯಾಲಯಗಳಿಗೆ ಸೇರಿದವು. ಅಂಚೆ ಶಿಕ್ಷಣ ಸಂಸ್ಥೆಯಾಗಿ ಇಲ್ಲೇ ಹುಟ್ಟಿದ್ದು 1996ರಲ್ಲಿ ಮುಕ್ತ ವಿಶ್ವವಿದ್ಯಾನಿಲಯವಾಯಿತು. ಈಚೆಗೆ ಮಂಡ್ಯ, ಹಾಸನ, ಚಾಮರಾಜನಗರಗಳಿಗೂ ಸ್ವಂತ ವಿಶ್ವವಿದ್ಯಾಲಯಗಳಾದವು. ಇನ್ನೊಂದು ಕಡೆ ಭಾರತೀಯ ಭಾಷಾ ಸಂಸ್ಥಾನ, ವಾಕ್ ಶ್ರವಣ ಸಂಸ್ಥೆಯಂಥ ಕೇಂದ್ರ ಸರ್ಕಾರದ ಸಂಸ್ಥೆಗಳು ಇದೇ ಪರಿಸರದಲ್ಲಿ ನೆಲೆಗೊಂಡವು. ಆವರಣದಲ್ಲಿ ನೀವು ದಾಟಿದ ಫಲಕಗಳೆಲ್ಲವೂ ಮೈಸೂರು ವಿಶ್ವವಿದ್ಯಾನಿಲಯದವಲ್ಲ, ಹೊಸಬರಿಗೆ ಗೊಂದಲವಾಗುವುದು ಇದರಿಂದಲೂ ಹೌದು.

ನಡುವೆ ಇರುವ ಕೆರೆಯ ಬಗ್ಗೆ ಒಂದು ಮಾತು. ಕುಕ್ಕರಹಳ್ಳಿ ಕೆರೆಯನ್ನು 1864ರಲ್ಲಿ ಕಟ್ಟಿಸಿದವರು ಮುಮ್ಮಡಿ ಕೃಷ್ಣರಾಜ ಒಡೆಯರು, ಅಂದರೆ ಮಹಾರಾಜ ಕಾಲೇಜಿನ ಮೂಲವಾದ ಶಾಲೆಯನ್ನು ತೆರೆದವರೇ. ಹೊಲಗಳಿಗೆ ನೀರು ಕೊಡಲು ಕಟ್ಟಿದ ಕೆರೆ ಈಗ ವಿಶ್ವವಿದ್ಯಾನಿಲಯದ ಸುಪರ್ದಿಯಲ್ಲಿದೆ, ಹೆಜ್ಜಾರ್ಲೆಗಳು ಗೂಡು ಕಟ್ಟುವ ತಾಣವಾಗಿದೆ. ನಗರ ಸುತ್ತ ಬೆಳೆದ ಮೇಲೆ ಕೊಳಚೆ ನೀರು ಇದಕ್ಕೆ ನುಗ್ಗಿ, ಅದನ್ನು ತಡೆಯಲು ಊರಿನ ಜನ ಬಹುಕಾಲ ಹೋರಾಡಬೇಕಾಯಿತು. ಕುವೆಂಪು ಅವರ ಕವಿತೆಗಳನ್ನು ಓದಿದವರಿಗೆ ಈ ಕೆರೆಯ ಪರಿಚಯ ಮೊದಲೇ ಇರುತ್ತದೆ.

ಎಲ್ಲಿ ನೋಡಬೇಕೆಂದು ಕೇಳಿದ್ದೀರಿ. ಬೆಳಗ್ಗೆ ಮಹಾರಾಜ ಕಾಲೇಜಿನಿಂದ ಆರಂಭಿಸಿ, ಅನುಮತಿ ಸಿಕ್ಕರೆ ಜೂನಿಯರ್ ಬಿ.ಎ. ಹಾಲ್‌ನ ಒಳಗೆ ಹೋಗಿ ನೋಡಿ. ಅಲ್ಲಿಂದ ಬುಲೆವಾರ್ಡಿನ ಮರಗಳ ನೆರಳಿನಲ್ಲಿ ಪ್ರಾಚ್ಯವಿದ್ಯಾ ಸಂಶೋಧನಾಲಯಕ್ಕೆ, ನಂತರ ಕ್ರಾಫರ್ಡ್ ಹಾಲ್‌ಗೆ ಬನ್ನಿ. ವಿಶ್ವವಿದ್ಯಾನಿಲಯದ ಲಾಂಛನ ಕಂಡಲ್ಲಿ ಗಮನವಿಟ್ಟು ನೋಡಿ: ನಡುವೆ ಮೈಸೂರು ರಾಜಮನೆತನದ ಗಂಡಭೇರುಂಡ, ಜೊತೆಗೆ 'ನ ಹಿ ಜ್ಞಾನೇನ ಸದೃಶಂ' ಎಂಬ ಗೀತೆಯ ಮಾತು ಮತ್ತು 'ಸತ್ಯಮೇವೋದ್ಧರಾಮ್ಯಹಂ' ಎಂಬ ರಾಜಮನೆತನದ ಧ್ಯೇಯವಾಕ್ಯ. ಆಮೇಲೆ ಕೆರೆಯ ಏರಿ ಹತ್ತಿ ಪಶ್ಚಿಮಕ್ಕೆ ನಡೆದರೆ ಗಂಗೋತ್ರಿ ಸಿಗುತ್ತದೆ. ಜಯಲಕ್ಷ್ಮೀವಿಲಾಸವನ್ನು ಕೊನೆಗೆ ಇಟ್ಟುಕೊಳ್ಳಿ. ವಸ್ತುಸಂಗ್ರಹಾಲಯ ದುರಸ್ತಿಗೆಂದು ಆಗಾಗ ಮುಚ್ಚಿರುತ್ತದೆ, ಆದ್ದರಿಂದ ತೆರೆದಿದೆಯೇ ಎಂದು ಮೊದಲೇ ವಿಚಾರಿಸಿಕೊಂಡು ಹೊರಡುವುದು ಒಳ್ಳೆಯದು. ಬೆಂಗಳೂರಿನ ಅರ್ಧವನ್ನು ನೋಡಲು ಇನ್ನೊಂದು ದಿನ ಬೇಕು: ಸೆಂಟ್ರಲ್ ಕಾಲೇಜಿನ ಕಟ್ಟಡಗಳು ಈಗ ಅಲ್ಲಿನ ನಗರ ವಿಶ್ವವಿದ್ಯಾಲಯದ ವಶದಲ್ಲಿದ್ದು, ಮೆಜೆಸ್ಟಿಕ್ ನಿಲ್ದಾಣದಿಂದ ಹೆಚ್ಚು ದೂರವಿಲ್ಲ.